ಮೂವರಿಗೊಂದು ಬುರ್ಖಾ

ನಮ್ಮ ಮನೆಯಲ್ಲಿ ಬುರ್ಖಾ ತೊಡುವ ವಯಸ್ಸಿನ ಹೆಂಗಸರು ಮೂವರಿದ್ದರು, ಬುರ್ಖಾ ಮಾತ್ರ ಒಂದೇ ಇತ್ತು. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ಬಾಗಿಲ ಪಕ್ಕದ ಗೋಡೆಗೆ ಒಂದು ಕಟ್ಟಿಗೆಯ ಗೂಟ ಹೊಡೆದಿದ್ದರು. ಆ ಗೂಟಕ್ಕೆ ಅದು ಜೋತುಬಿದ್ದಿರುತ್ತಿತ್ತು. ಗೂಟ ಖಾಲಿ ಇದೆಯೆಂದರೆ ಒಬ್ಬರು ಹೊರಗೆ ಹೋಗಿದ್ದಾರೆ, ಉಳಿದ ಇಬ್ಬರು ಅವರು ಬರುವ ತನಕ ಮನೆಯಲ್ಲೇ ಇರಬೇಕು ಎಂದು ಅರ್ಥ. ದಾದಿ, ಅಂದರೆ ಅಬ್ಬಾನ ತಾಯಿ, ಗಿಡ್ಡಗಿದ್ದಳು. ಅಮ್ಮ ಎತ್ತರ. ನನ್ನ ಅಕ್ಕ ರಹಮತ್, ನಾನು ಆಪಾ ಎಂದು ಕರೆಯುತ್ತಿದ್ದವಳು, ಇಬ್ಬರ ನಡುವಿನ ಅಳತೆಯವಳು. ಬುರ್ಖಾ ಹೊಲಿಸಿದ್ದು ಅಮ್ಮನ ಅಳತೆಗೆ. ದಾದಿ ತೊಟ್ಟರೆ ಅದರ ಅಂಚು ಬೀದಿಯ ಕಸ ಗುಡಿಸುತ್ತಿತ್ತು. ಅಮ್ಮ ತೊಟ್ಟರೆ ಪಾದ ಕಾಣುತ್ತಿತ್ತು. ಊರಿನ ಜನ ಅಂಚು ನೋಡಿಯೇ ಒಳಗೆ ಯಾರಿದ್ದಾರೆಂದು ಹೇಳಿಬಿಡುತ್ತಿದ್ದರು. ಗುರುತು ಸಿಗಬಾರದೆಂದು ತೊಡುವ ಬಟ್ಟೆಯಿಂದಲೇ ನಮ್ಮ ಮನೆಯವರ ಗುರುತು ಸಿಗುತ್ತಿತ್ತು.

ಆ ಗೂಟವನ್ನು ನಾನು ಮರೆತೇಬಿಟ್ಟಿದ್ದೆ. ನೆನಪಿಸಿದವಳು ನನ್ನ ಮಗಳು ನಸ್ರೀನ್. ಅವಳು ಇರುವುದು ಬೆಲ್ಜಿಯಂ ದೇಶದ ಒಂದು ಊರಿನಲ್ಲಿ. ಆ ಊರಿನ ಹೆಸರನ್ನು ನಾನು ಹೇಳಿದರೆ ಅವಳು ಬಿದ್ದು ಬಿದ್ದು ನಗುತ್ತಾಳೆ, ಹಾಗಾಗಿ ಹೇಳುವ ಗೋಜಿಗೆ ಹೋಗುವುದಿಲ್ಲ. ಅಳಿಯ ಮುಂಡರಗಿಯವನು, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಗದಗಿನಲ್ಲಿದ್ದಾಗ ತಲೆಯ ಮೇಲೆ ಓಢಣಿ ಒಂದು ಗಳಿಗೆ ನಿಲ್ಲದ ಹುಡುಗಿ ಇವಳು. ನಮ್ಮ ಕಡೆ ಶಾಲೆ ಕಾಲೇಜುಗಳ ಬಾಗಿಲಲ್ಲಿ ಇದೇ ವಿಷಯಕ್ಕೆ ಜಗಳವಾದಾಗ 'ನನಗ ಅದರ ಉಸಾಬರಿ ಬ್ಯಾಡಪ್ಪಾ' ಅಂದವಳು. ಆದರೆ ಆ ದೇಶಕ್ಕೆ ಹೋದ ಎರಡನೆಯ ವರ್ಷ ತಾನಾಗಿ ಹಿಜಾಬ್ ಕಟ್ಟತೊಡಗಿದಳು. ಫೋನಿನಲ್ಲಿ ಅವಳ ಮುಖ ನೋಡಿ ನಾನು ಗಾಬರಿಯಾಗಿ, ಅಳಿಯ ಹೇಳಿದನೇನು ಎಂದು ಕೇಳಿದ್ದೆ.

"ಅವ್ರೇನ್ ಹೇಳ್ತಾರ ಅಮ್ಮಿ, ಅವ್ರಿಗೂ ನಿನ್ನಂಗ ಗಾಬರಿ ಆಗೇತಿ. ನನಗ ಬೇಕನಿಸ್ತು, ಕಟ್ಟಿದೆ. ಇದನ್ನ ಕಟ್ಟಿದ ಮ್ಯಾಲ ಇಲ್ಲಿ ನನಗ ನಾ ಸಿಕ್ಕಂಗ ಆಗೇತಿ."

ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಮಗಳು ಖುಷಿಯಾಗಿದ್ದಾಳೆ ಎಂದು ಸುಮ್ಮನಾದೆ. ಅವಳು ಅಲ್ಲಿನ ಭಾಷೆ ಕಲಿತು, ಎರಡು ವರ್ಷ ಓದಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದಳು. ಮೂರು ತಿಂಗಳ ಹಿಂದೆ, ಒಂದು ಶುಕ್ರವಾರ ಸಂಜೆ, ಅವಳ ಫೋನ್ ಬಂತು. ಕೆಲಸ ಖಾಯಂ ಮಾಡುತ್ತಾರಂತೆ, ಆದರೆ ಖಾಯಂ ಆದವರು ಧರ್ಮದ ಗುರುತು ಹಾಕಿಕೊಳ್ಳಬಾರದೆಂದು ಆ ಕೇಂದ್ರದ ನಿಯಮವಂತೆ. ಶಿಲುಬೆ ಹಾಕುವವರಿಗೂ ಅದೇ ನಿಯಮವಂತೆ. ಶಿಲುಬೆಯನ್ನಾದರೆ ಅಂಗಿಯೊಳಗೆ ಇಳಿಬಿಡಬಹುದು, ತಲೆಯನ್ನು ಎಲ್ಲಿ ಇಳಿಬಿಡುವುದು?

"ತಗದ್ರ ನೌಕರಿ, ಇಟ್ಕೊಂಡ್ರ ಮನಿ. ಸೋಮವಾರ ಹೇಳಬೇಕು. ಇವ್ರನ್ನ ಕೇಳಿದ್ರ 'ನಿನ್ನ ಇಷ್ಟ' ಅಂತಾರ. ಮುಂಡರಗಿ ಅತ್ತೀನೂ ಅದನ್ನ ಅಂದ್ರು. ಜೋಡಿ ಕೆಲಸ ಮಾಡೋರೂ ಅದನ್ನ ಅಂದ್ರು. ಅಮ್ಮಿ, ನೀ ಹೇಳು. ಏನ್ ಮಾಡ್ಲಿ?"

"ಐತವಾರ ಹೇಳ್ತೀನಿ," ಅಂದೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಅಕ್ಕೋರು ಎನಿಸಿಕೊಂಡು, ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ 'ನಾಳೆ ಹೇಳ್ತೀನಿ' ಎನ್ನುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಫೋನ್ ಇಟ್ಟಮೇಲೆ ಚಹಾಕ್ಕೆ ಇಟ್ಟ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ಅದನ್ನು ಒರೆಸುತ್ತ ನಿಂತಾಗ ಬೆಟಗೇರಿಯ ತವರುಮನೆಯ ಗೂಟ ಕಣ್ಣ ಮುಂದೆ ಬಂತು.

ಅಬ್ಬಾ ನೂಲಿಗೆ ಬಣ್ಣ ಹಾಕುವವರು. ಓಣಿಯ ತುಂಬ ನೇಕಾರರು. ಅವರ ಮಗ್ಗಕ್ಕೆ ಬೇಕಾದ ನೂಲಿನ ಲಡಿಗಳೆಲ್ಲ ನಮ್ಮ ಹಿತ್ತಲಿಗೆ ಬಿಳಿಯಾಗಿ ಬಂದು, ಕೆಂಪು, ಹಸಿರು, ನೀಲಿಯಾಗಿ ಹೋಗುತ್ತಿದ್ದವು. ಹಿತ್ತಲಲ್ಲಿ ಮೂರು ಒಲೆ, ಒಲೆಯ ಮೇಲೆ ಮೂರು ದೊಡ್ಡ ಹಂಡೆ, ಅಡ್ಡ ಕಟ್ಟಿದ ಗಳಗಳ ಮೇಲೆ ಒಣಗುವ ಲಡಿಗಳು. ಆ ವಾರ ಯಾವ ಬಣ್ಣದ ಕೆಲಸ ನಡೆದಿದೆ ಎಂದು ಅಬ್ಬಾ ರೊಟ್ಟಿ ಮುರಿಯುವ ಬೆರಳು ನೋಡಿದರೆ ತಿಳಿಯುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ನಡುವೆ ಆ ನೀಲಿ ಬೆರಳುಗಳು ಓಡಾಡುವುದನ್ನು ನೋಡುತ್ತ ನಾನು ಉಣ್ಣುತ್ತಿದ್ದೆ. ದಾದಿ ಮಾತ್ರ ಮುಖ ಕಿವುಚುತ್ತಿದ್ದಳು. ಮನೆಯಲ್ಲಿ ನಮ್ಮದು ಅರ್ಧ ಉರ್ದು, ಅರ್ಧ ಕನ್ನಡದ ಮಾತು. ಬೈಗಳಿಗೆ ದಾದಿ ಕನ್ನಡವನ್ನೇ ಆರಿಸಿಕೊಳ್ಳುತ್ತಿದ್ದಳು, ಅದರಲ್ಲಿ ರುಚಿ ಹೆಚ್ಚಂತೆ.

ಅಬ್ಬಾ ಕಡಿಮೆ ಮಾತಿನವರು. ಮಾತಾಡಿದರೆ ಬಣ್ಣದ ಬಗ್ಗೆಯೇ ಮಾತಾಡುತ್ತಿದ್ದರು. ನಾನು ಹಂಡೆಯೊಳಗೆ ಇಣುಕಿ, ಇದು ಯಾವ ಬಣ್ಣ, ಅದು ಯಾವ ಬಣ್ಣ ಎಂದು ತಲೆ ತಿಂದರೆ, ಕೋಲಿನಿಂದ ಲಡಿ ತಿರುವುತ್ತಲೇ ಹೇಳುತ್ತಿದ್ದರು.

"ಹಂಡೇದಾಗ ಕಂಡ ಬಣ್ಣ ಖರೆ ಅಲ್ಲ ಜೈಬು. ಒಣಗಿದ ಮ್ಯಾಲ ಕಂಡದ್ದ ಖರೆ."

ನಮ್ಮ ಗೋಡೆಗೆ ಗೋಡೆ ಹಚ್ಚಿ ಗಿರಿಜವ್ವನ ಮನೆ. ಗಂಡ ಹೆಂಡತಿ ಇಬ್ಬರೂ ಮಗ್ಗದ ಮೇಲೆ ಕೂಡುವವರು. ಬೆಳಗಾಗುವುದಕ್ಕೂ ಮಗ್ಗದ ಸದ್ದು ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಸದ್ದು ನಿಂತ ದಿನ ದಾದಿ 'ಗಿರಿಜಾಗ ಏನಾತು ನೋಡಿ ಬಾ' ಎಂದು ನನ್ನನ್ನು ಓಡಿಸುತ್ತಿದ್ದಳು. ರಮ್ಜಾನ್ ಹಬ್ಬಕ್ಕೆ ನಮ್ಮ ಮನೆಯ ಸುರಕುಂಬಾ ಪಾಯಸದ ಮೊದಲ ಬಟ್ಟಲು ಗಿರಿಜವ್ವನ ಮನೆಗೆ, ಹೋಳಿ ಹುಣ್ಣಿಮೆಯ ಹೋಳಿಗೆ ಅವರ ಮನೆಯಿಂದ ನಮ್ಮ ಮನೆಗೆ. ಆಪಾ ಮಧ್ಯಾಹ್ನವೆಲ್ಲ ಗಿರಿಜವ್ವನ ಪಡಸಾಲೆಯಲ್ಲಿ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ರಾಟೆ ತಿರುಗಿಸುತ್ತ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿ, ನಮ್ಮ ಓಣಿಯಲ್ಲಿ ಹತ್ತನೆಯ ಇಯತ್ತೆ ಪಾಸಾದ ಮೊದಲ ಹುಡುಗಿಯಾದಳು. ನೂಲು ಒಮ್ಮೆಯೂ ಹರಿಯಲಿಲ್ಲ ಎಂದು ಗಿರಿಜವ್ವ ಊರಿಗೆಲ್ಲ ಹೇಳಿಕೊಂಡು ಬಂದಳು.

ಗಿರಿಜವ್ವನ ಮನೆಗೆ ಹೋಗಲು ಬುರ್ಖಾ ಬೇಕಿರಲಿಲ್ಲ. ನಮ್ಮ ಓಣಿಯಲ್ಲಿ ಇದಕ್ಕೊಂದು ಲೆಕ್ಕವಿತ್ತು. ಓಣಿಯ ತುದಿಯಲ್ಲಿ ಒಂದು ಬೇವಿನ ಗಿಡ. ಗಿಡದ ಈಚೆಗೆ ಇರುವವರೆಲ್ಲ ಮನೆಯವರೇ. ಅವರು ಯಾವ ಜಾತಿಯವರಾದರೂ ಕಾಕಾ, ಮಾಮಾ, ಅಣ್ಣ. ಅವರ ಮುಂದೆ ತಲೆಯ ಮೇಲೆ ಸೆರಗು ಇದ್ದರಾಯಿತು. ಗಿಡದ ಆಚೆಗೆ ಇರುವವರು ಊರಿನವರು. ಆದ್ದರಿಂದ ಅಮ್ಮ, ಆಪಾ ಬುರ್ಖಾವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು, ಬೇವಿನ ಗಿಡದ ಕೆಳಗೆ ನಿಂತು ತೊಡುತ್ತಿದ್ದರು, ಬರುವಾಗ ಅಲ್ಲೇ ತೆಗೆದು ಮಡಚುತ್ತಿದ್ದರು. ಈ ಗಡಿಯನ್ನು ಯಾರು ಹಾಕಿದರೋ ಗೊತ್ತಿಲ್ಲ. ಮಸೀದಿಯ ಹಜರತರು ಹೇಳಿದ್ದಲ್ಲ, ಪುಸ್ತಕದಲ್ಲಿ ಬರೆದದ್ದೂ ಅಲ್ಲ. ಗಿಡ ಎಷ್ಟು ಸಹಜವೋ ಗಡಿಯೂ ಅಷ್ಟೇ ಸಹಜ ಎಂದು ನಾವು ಬೆಳೆದೆವು.

ಮಳೆಗಾಲ ಶುರುವಾಗುವಾಗ ಆಪಾನ ಹೆಸರಿಗೆ ಒಂದು ಕಾರ್ಡು ಬಂತು. ಗದಗಿನಲ್ಲಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದಳು. ಬುಧವಾರ ಮುಂಜಾನೆ ಹತ್ತು ಗಂಟೆಗೆ ಸಂದರ್ಶನಕ್ಕೆ ಬರಬೇಕು, ಬಾರದಿದ್ದವರ ಜಾಗವನ್ನು ಬೇರೆಯವರಿಗೆ ಕೊಡಲಾಗುವುದು ಎಂದಿತ್ತು. ಅಬ್ಬಾಗೆ ಕನ್ನಡ ಓದಲು ಬಾರದು. ಆಗ ಆರನೆಯ ಇಯತ್ತೆಯಲ್ಲಿದ್ದ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಅಬ್ಬಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದಕ್ಕೆ ಹಸಿರು ಬೆರಳಿನ ಗುರುತು ಬಿತ್ತು.

"ಹೋಗಿ ಬರಲಿ," ಅಂದರು. ದಾದಿ ಏನೋ ಅನ್ನಲು ಬಾಯಿ ತೆರೆದಳು, ಅಬ್ಬಾನ ಮುಖ ನೋಡಿ ಎಲೆ ಅಡಿಕೆ ಹಾಕಿಕೊಂಡು ಬಾಯಿ ಮುಚ್ಚಿದಳು. ಅಷ್ಟು ಸುಲಭಕ್ಕೆ ಒಪ್ಪಿಗೆ ಸಿಕ್ಕಿದ್ದು ನೋಡಿ ಆಪಾ ಗಿರಿಜವ್ವನ ಮನೆಗೆ ಓಡಿ ಹೋಗಿ ಅತ್ತು ಬಂದಳು.

ಈಗ ನನ್ನ ಪಾಲಿನದನ್ನು ಹೇಳಬೇಕು. ನಮ್ಮ ಬುರ್ಖಾ ವರ್ಷಕ್ಕೊಮ್ಮೆ ರಮ್ಜಾನ್ ಹತ್ತಿರ ಬಂದಾಗ ಅಬ್ಬಾನ ಕರಿ ಬಣ್ಣದ ಹಂಡೆಗೆ ಬಿದ್ದು ಹೊಸದಾಗಿ ಏಳುತ್ತಿತ್ತು. ಉಳಿದ ದಿನ ಬಿಸಿಲಿಗೆ ಬಣ್ಣ ಹಾರಿ ಹಾರಿ, ಹಾಲು ಕಡಿಮೆ ಹಾಕಿದ ಚಹಾದಂತೆ ಕಾಣುತ್ತಿತ್ತು. ಸಂದರ್ಶನದ ಹಿಂದಿನ ದಿನ ಆಪಾ ಅದನ್ನು ಗೂಟದಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ಇದನ್ನ ಹಾಕ್ಕೊಂಡು ಅಷ್ಟು ಮಂದಿ ಮುಂದ ಹೆಂಗ ನಿಲ್ಲಲೇ ಜೈಬು? ಚಾದಂಗಡಿ ಅರಿವಿ ಆಗೇತಿ."

ಹಾಗೆಂದು ನಕ್ಕು, ಅದನ್ನು ಮತ್ತೆ ಗೂಟಕ್ಕೆ ಹಾಕಿ, ಕಂಡಿಕೆ ಸುತ್ತಲು ಹೋದಳು. ಅವಳ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿದಿತ್ತು. ನನ್ನ ಮಟ್ಟಿಗೆ ಮುಗಿಯಲಿಲ್ಲ. ಆಪಾ ಎಂದರೆ ನನಗೆ ಜೀವ. ನನ್ನ ಜಡೆ ಹಾಕುವವಳು, ನನ್ನ ತಪ್ಪಿಗೆ ಬೈಗಳು ತಿನ್ನುವವಳು. ಅಬ್ಬಾ ನೂಲು ಮುಟ್ಟಿಸಲು ಹೋಗಿದ್ದರು, ಅಮ್ಮ ಅಕ್ಕಿ ಬೀಸಲು ಕೂತಿದ್ದಳು, ದಾದಿ ಮಲಗಿದ್ದಳು. ಹಿತ್ತಲಿನ ನಡುವಿನ ಒಲೆಯ ಮೇಲೆ ಮುಚ್ಚಿಟ್ಟ ಹಂಡೆಯೊಂದಿತ್ತು. ಮುಚ್ಚಳ ತೆಗೆದು ನೋಡಿದೆ. ಒಳಗೆ ಕರ್ರಗೆ ಬಣ್ಣ. ಒಲೆಯಲ್ಲಿ ಇನ್ನೂ ಕೆಂಡವಿತ್ತು. ಎರಡು ಕೊಳ್ಳಿ ಒಟ್ಟಿದೆ, ಒಂದು ಹಿಡಿ ಉಪ್ಪು ಹಾಕಿದೆ, ಬುರ್ಖಾ ನೆನೆಸಿ ಅದ್ದಿದೆ, ಅಬ್ಬಾ ಮಾಡಿದಂತೆಯೇ ಕೋಲಿನಿಂದ ತಿರುವಿದೆ. ಎಲ್ಲ ಸರಿಯಾಗಿಯೇ ಮಾಡಿದೆ. ಹಂಡೆಯಲ್ಲಿ ಇದ್ದದ್ದು ಇಳಕಲ್ ಸೀರೆಯ ಸೆರಗಿಗೆ ಬೇಕಾದ ದಟ್ಟ ಕೆಂಪು ಎಂಬುದೊಂದು ಬಿಟ್ಟು.

ತಣ್ಣೀರಿನಲ್ಲಿ ಜಾಲಾಡಿಸಿ ಗಳದ ಮೇಲೆ ಹರವಿದಾಗ ಗೊತ್ತಾಯಿತು. ಕಪ್ಪು ಉಳಿದ ಕಡೆ ಕಂದು, ಬಣ್ಣ ಹಾರಿದ ಕಡೆ ಕುಂಕುಮದ ಕೆಂಪು. ನಾನು ಅಲ್ಲೇ ಗಳದ ಕೆಳಗೆ ಕೂತುಬಿಟ್ಟೆ. ಅಬ್ಬಾ ಬಂದು ನೋಡಿದರು. ಹೊಡೆಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು ಬಟ್ಟೆಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿದರು.

"ಬಣ್ಣ ಚೊಲೋ ಹಿಡದೈತಿ," ಅಂದರು. ಆಮೇಲೆ ನನ್ನ ಪಕ್ಕದಲ್ಲಿ ಕೂತರು.

ಕರಿ ಬಣ್ಣ ಮನೆಯಲ್ಲಿ ಚಿಟಿಕೆಯಷ್ಟೂ ಇರಲಿಲ್ಲ. ಶುಕ್ರವಾರ ಹುಬ್ಬಳ್ಳಿಯಿಂದ ಬರಬೇಕಿತ್ತು. ದಾದಿ ಎದ್ದು ಬಂದವಳೇ ಎದೆ ಬಡಿದುಕೊಂಡಳು.

"ಮದಲಗಿತ್ತಿ ಬಣ್ಣದ ಬುರ್ಖಾ ಹಾಕ್ಕೊಂಡು ಆಕಿ ಸಾಲಿಗೆ ಹೊಕ್ಕಾಳೋ, ನಿಕಾಕ್ಕ ಹೊಕ್ಕಾಳೋ?"

ಅಮ್ಮ ಆ ಕಡೆಯ ಓಣಿಯ ಮನೆಯೊಂದರಿಂದ ಬೇರೆ ಬುರ್ಖಾ ಕೇಳಿ ತರೋಣ ಎಂದಳು. ಆ ಮನೆಯವರೊಂದಿಗೆ ದಾದಿ ಒಂದು ಹುಂಜದ ಸಲುವಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದಳು. 'ಅವ್ರ ಹೊಸ್ತಿಲಾ ತುಳದ್ರ ನೋಡು' ಎಂದು ದಾದಿ, 'ನಿಮ್ಮ ಹುಂಜ ದೊಡ್ಡದೋ ನನ್ನ ಮಗಳು ದೊಡ್ಡಾಕಿನೋ' ಎಂದು ಅಮ್ಮ. ಅಮ್ಮ ದಾದಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಿಟ್ಟಿನಿಂದ ಚಪ್ಪಲಿ ಮೆಟ್ಟಿ ಹೊರಟ ಅಮ್ಮ ಅಂಗಳದಲ್ಲೇ ನಿಂತುಬಿಟ್ಟಳು. ಆ ಓಣಿ ಬೇವಿನ ಗಿಡದ ಆಚೆಗೆ. ಬುರ್ಖಾ ಕೇಳಿ ತರಲು ಹೋಗಬೇಕಾದರೂ ಬುರ್ಖಾ ಬೇಕಿತ್ತು. ಕೊನೆಗೆ ನನ್ನನ್ನೇ ಓಡಿಸಿದರು. ಆ ಮನೆಗೆ ಬೀಗ. ಶಿರಹಟ್ಟಿಗೆ ಮದುವೆಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು.

ಬುಧವಾರ ಮುಂಜಾನೆ ಗಿರಿಜವ್ವ ಬಂದಳು. ಕೈಯಲ್ಲಿ ತಾನೇ ನೇಯ್ದ ಹಸಿರು ಸೀರೆ, ಇನ್ನೂ ಮಡಿಕೆ ಬಿಚ್ಚದ್ದು.

"ಇದನ್ನ ಉಟ್ಕೊ ರಹಮತ್. ತಲಿ ಮ್ಯಾಲ ಸೆರಗು ಹೊದ್ದು ನಡಿ. ನಾ ಬರ್ತೀನಿ ನಿನ್ನ ಜೋಡಿ, ಗದಗ ಏನ್ ಸೀಮಿ ಆಚಿ ಐತೇನು?"

ಆಪಾ ಸೀರೆ ತೆಗೆದುಕೊಂಡು ಅಬ್ಬಾನ ಕಡೆ ನೋಡಿದಳು. ಅಬ್ಬಾ ಒಲೆಯ ಮುಂದೆ ಕೂತಿದ್ದರು.

"ನಿನಗ ತಿಳಿದಂಗ ಮಾಡವಾ. ನಾ ಏನೂ ಅನ್ನಂಗಿಲ್ಲ."

ದಾದಿಯ ಕಡೆ ನೋಡಿದಳು. "ನಂದೇನೈತಿ? ನಾ ಇವತ್ತೋ ನಾಳಿಗೋ ಹೋಗಾಕಿ. ನಿನಗ ತಿಳಿದಂಗ ಮಾಡು."

ಅಮ್ಮ ಅವಳ ಜಡೆ ಹೆಣೆಯುತ್ತಿದ್ದಳು. ಹಿಂದಿನ ದಿನ ಅಷ್ಟು ಜಗಳಾಡಿದ್ದ ಅಮ್ಮನೂ, "ನಿನ್ನ ಮನಸ್ಸು ಏನ್ ಹೇಳತೈತೋ ಅದನ್ನ ಮಾಡವಾ," ಅಂದಳು. ಹೆಣೆದದ್ದನ್ನು ಬಿಚ್ಚಿ ಮತ್ತೆ ಮೊದಲಿಂದ ಹೆಣೆಯತೊಡಗಿದಳು.

ಹನ್ನೊಂದು ವರ್ಷದ ನನಗೆ ಆಗ ಎಷ್ಟು ಖುಷಿಯಾಯಿತೆಂದರೆ, ನಮ್ಮ ಮನೆಯವರಷ್ಟು ಒಳ್ಳೆಯವರು ಊರಲ್ಲೇ ಇಲ್ಲ ಎನಿಸಿತು. ಯಾರೂ ಬೇಡ ಅನ್ನಲಿಲ್ಲವಲ್ಲ! ನನ್ನ ತಪ್ಪು ತೊಳೆದುಹೋಯಿತು ಎಂದುಕೊಂಡು ನಾನೂ ಅವರ ಹಿಂದೆ ಹೊರಟೆ. ಆಪಾ ಹಸಿರು ಸೀರೆಯಲ್ಲಿ ಗಿರಿಜವ್ವನ ಮಗಳೇ ಎಂಬಂತೆ ಕಾಣುತ್ತಿದ್ದಳು. ಓಣಿಯ ಉದ್ದಕ್ಕೂ ಮಗ್ಗ ನಿಲ್ಲಿಸಿ ಜನ 'ಚೊಲೋ ಆಗಲಿ ತಂಗೀ' ಅಂದರು. ಬೇವಿನ ಗಿಡ ಬಂತು. ಆಪಾನ ಕಾಲು ನಿಂತವು. ಎರಡೂ ಕೈ ತಾವಾಗಿ ಮೇಲೆ ಹೋದವು, ಮುಖದ ಮೇಲಿನ ಪರದೆ ಇಳಿಸುವ ರೂಢಿಯಿಂದ. ಅಲ್ಲಿ ಪರದೆ ಇರಲಿಲ್ಲ. ಕೈ ಸ್ವಲ್ಪ ಹೊತ್ತು ತಲೆಯ ಹತ್ತಿರವೇ ಉಳಿದವು.

"ಗಿರಿಜವ್ವಾ, ಮುಂದ ಕಾಲು ಏಳವಲ್ದು."

"ನಾ ಇದೀನಲ್ಲ ತಂಗಿ, ಹೆದರಬ್ಯಾಡ. ಬಾ."

ಆಪಾ ಹಿಂತಿರುಗಿ ನೋಡಿದಳು. ನಾನೂ ನೋಡಿದೆ. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಓಣಿ ನೇರವಾಗಿತ್ತು, ಅವರಿಗೆ ನಾವು ಕಾಣುತ್ತಿದ್ದೆವು, ನಮಗೆ ಅವರು. ಅವರು ಒಮ್ಮೆ ಕೈ ಬೀಸಿದ್ದರೆ ಸಾಕಿತ್ತು. ಯಾವ ಕಡೆಗೆ ಬೀಸಿದ್ದರೂ ಸಾಕಿತ್ತು. ಅಬ್ಬಾ ತಮ್ಮ ಕೈ ನೋಡಿಕೊಂಡರು, ಬಣ್ಣ ಹತ್ತಿದೆಯೋ ಎಂಬಂತೆ ಅಂಗೈ ತಿರುಗಿಸಿದರು, ಒಳಗೆ ಹೋದರು. ಆಪಾ ಗಿರಿಜವ್ವನ ಕೈಯಿಂದ ಕೈ ಬಿಡಿಸಿಕೊಂಡು ಮನೆಯ ಕಡೆ ತಿರುಗಿದಳು.

"ಯಾಕವಾ, ಬಂದಿ?" ಎಂದು ಅಬ್ಬಾ ಕೇಳಿದರು.

"ನನಗ ತಿಳಿದಂಗ ಮಾಡಿದೆ, ಅಬ್ಬಾ."

ಸೀರೆಯನ್ನು ಅದೇ ಮಡಿಕೆಗೆ ಮಡಚಿ ಗಿರಿಜವ್ವನಿಗೆ ಕೊಟ್ಟು, ಅವಳ ಪಡಸಾಲೆಗೆ ಹೋಗಿ ಕಂಡಿಕೆ ಸುತ್ತುತ್ತ ಕೂತಳು. ಅವತ್ತು ನೂಲು ಬಹಳ ಸಲ ಹರಿಯಿತು.

ನನ್ನನ್ನು ಯಾರೂ ಹೊಡೆಯಲಿಲ್ಲ. ಬೈಯಲೂ ಇಲ್ಲ. ಎರಡು ಏಟು ಕೊಟ್ಟಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಶುಕ್ರವಾರ ಕರಿ ಬಣ್ಣ ಬಂತು. ಅಬ್ಬಾ ಬುರ್ಖಾವನ್ನು ಎರಡು ಸಲ ಅದ್ದಿ ತೆಗೆದರು. ಕೆಂಪಿನ ಮೇಲೆ ಕೂತ ಕಪ್ಪು ಹಿಂದೆಂದೂ ಇಲ್ಲದಷ್ಟು ಚೆಂದ ಬಂತು. ಚಳಿಗಾಲಕ್ಕೆ ಆಪಾನ ನಿಕಾ ಆಯಿತು. ಅದೇ ಬುರ್ಖಾ ತೊಟ್ಟು ಅವಳು ಲಕ್ಷ್ಮೇಶ್ವರಕ್ಕೆ ಹೋದಳು, ಕಾಳಿನ ಪೇಟೆಯ ಗುಮಾಸ್ತನೊಬ್ಬನ ಹೆಂಡತಿಯಾಗಿ. ಗೂಟ ಖಾಲಿಯಾಯಿತು. ಅಮ್ಮ, ದಾದಿಗೆಂದು ಹೊಸದು ಹೊಲಿಸಿದರು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅಬ್ಬಾಗೆ ಬಂದ ಬುದ್ಧಿಯ ಲಾಭ ನನಗಾಯಿತು. ಆರು ವರ್ಷದ ನಂತರ ಅಂಥದೇ ಕಾರ್ಡು ನನ್ನ ಹೆಸರಿಗೆ ಬಂದಾಗ, ಆ ದಿನ ಅಬ್ಬಾ ಬೆಳಗ್ಗೆಯೇ ಒಲೆ ಆರಿಸಿ, ಟೊಪ್ಪಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ನಾನು ಸೀರೆಯುಟ್ಟು ಸೆರಗು ಹೊದ್ದಿದ್ದೆ. ಬೇವಿನ ಗಿಡದ ಹತ್ತಿರ ನನ್ನ ಕಾಲೂ ತಡವರಿಸಿದವು. ಅಬ್ಬಾ ನನ್ನ ಕಡೆ ನೋಡಲೂ ಇಲ್ಲ.

"ನಡಿ," ಅಂದರು.

ಅದೊಂದೇ ಮಾತು. ಆ ಒಂದು ಮಾತಿನ ಮೇಲೆ ನಾನು ಮೂವತ್ತೆರಡು ವರ್ಷ ಶಾಲೆಗೆ ಹೋದೆ. ಆಪಾ ಕೂರಬೇಕಾಗಿದ್ದ ಕುರ್ಚಿಯಲ್ಲಿ ಕೂತೆ ಎಂದು ಹಾಜರಿ ಕರೆಯುವಾಗೆಲ್ಲ ಅನಿಸುತ್ತಿತ್ತು. ಅದನ್ನು ಆಪಾನ ಮುಂದೆ ಒಮ್ಮೆಯೂ ಹೇಳಿರಲಿಲ್ಲ.

ಶನಿವಾರ ಮುಂಜಾನೆ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಆಪಾ ಅಂಗಳದಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಒಳಗೆ ಮೊಳೆಗಳಿಗೆ ಮೊಮ್ಮಕ್ಕಳ ಬುರ್ಖಾಗಳು, ಒಬ್ಬೊಬ್ಬರಿಗೆ ಎರಡೆರಡು, ತೋಳಿಗೆ ಹೊಳೆಯುವ ಹರಳು ಹಚ್ಚಿದವು. ನಸ್ರೀನ್ ವಿಷಯವನ್ನೆಲ್ಲ ಹೇಳಿ, ಆಪಾ ನೀನಾದರೂ ದಾರಿ ತೋರಿಸು ಎಂದೆ. ಅವಳು ಬಹಳ ಹೊತ್ತು ಮೊರದಲ್ಲಿನ ಕಲ್ಲು ಆರಿಸಿದಳು.

"ಅವತ್ತ ಯಾರರ ಹೋಗು ಅಂದಿದ್ರ ಹೋಗ್ತಿದ್ದೆ ಜೈಬು. ಬ್ಯಾಡ ಅಂದಿದ್ರೂ ಹೋಗ್ತಿದ್ದೆ, ಸಿಟ್ಟಿಗೆ. ಎಲ್ಲಾರೂ ನಿನಗ ತಿಳಿದಂಗ ಮಾಡು ಅಂದ್ರು. ಹದಿನೇಳು ವರ್ಷದಾಕಿಗೆ ಏನ್ ತಿಳೀತಿತ್ತು?"

"ಬುರ್ಖಾ ಕೆಡಿಸಿದಾಕಿ ನಾ ಅಲ್ಲೇನು ಆಪಾ."

"ಹುಚ್ಚಿ, ಬುರ್ಖಾದ್ದೇನು ಬಿಡು. ಅದು ಶುಕ್ರವಾರ ಸರಿ ಆತಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವಳು ಮೊರ ಕೆಳಗಿಟ್ಟು ನನ್ನ ಬೆನ್ನ ಮೇಲೆ ಕೈಯಾಡಿಸಿದಳು, ಈ ವಯಸ್ಸಿನಲ್ಲೂ ನಾನು ಆರನೆಯ ಇಯತ್ತೆಯವಳೇ ಎಂಬಂತೆ.

"ಹಂಗಾರ ನಸ್ರೀನ್‌ಗ ಏನ್ ಹೇಳ್ಲಿ?"

"ಏನರ ಒಂದು ಹೇಳು. ಇಟ್ಕೊ ಅನ್ನು, ಇಲ್ಲಾ ತಗಿ ಅನ್ನು. ತಪ್ಪಾದ್ರೂ ಚಿಂತಿಲ್ಲ. ತಪ್ಪಾದ್ರ ಬೈಯಾಕರ ಆಕಿಗೆ ಒಬ್ರು ಬೇಕಲ್ಲ."

ಊಟ ಮಾಡಿಸಿ ಬಸ್ಸಿಗೆ ಹತ್ತಿಸಿದಳು. ದಾರಿಯಲ್ಲಿನ ಯಳವತ್ತಿ ದಾಟುವವರೆಗೆ ನನ್ನ ನಿರ್ಧಾರ ಗಟ್ಟಿಯಾಗಿತ್ತು. ತೆಗಿ ಎಂದು ಹೇಳುವುದು. ಎರಡು ವರ್ಷ ಓದಿ ಪಡೆದ ಕೆಲಸ, ಆಪಾನಂತೆ ಕಂಡಿಕೆ ಸುತ್ತುತ್ತ ಕೂರಬಾರದು. ಆಮೇಲೆ ಮಗಳ ಮಾತು ನೆನಪಾಯಿತು, ಇದನ್ನು ಕಟ್ಟಿದ ಮೇಲೆ ನನಗೆ ನಾನು ಸಿಕ್ಕ ಹಾಗಾಯಿತು ಅಂದಿದ್ದು. ಅದನ್ನು ತೆಗಿ ಅನ್ನಲು ನಾನು ಯಾರು? ಆಪಾಗೆ ತಲೆಯ ಮೇಲಿನದು ಅಡ್ಡಿಯಾಗಿತ್ತು. ಇವಳಿಗೆ ಅದೇ ಆಸರೆಯಾಗಿದೆ. ಹಾಗಾದರೆ ಇಟ್ಟುಕೋ ಎನ್ನಲೇ? ಮನೆಯಲ್ಲಿ ಕೂತು ನಾಲ್ಕು ವರ್ಷದ ಮೇಲೆ 'ನೀ ಹೇಳಿದ್ದಕ್ಕ ಬಿಟ್ಟೆ' ಎಂದರೆ? ಅತ್ತ ದರಿ, ಇತ್ತ ಪುಲಿ. ಗದಗ ಬಂದಾಗ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅಬ್ಬಾ ನನ್ನ ಜೊತೆ ಬೇವಿನ ಗಿಡದ ತನಕ ಬಂದಿದ್ದರು. ಮಗಳ ಬೇವಿನ ಗಿಡ ಎಲ್ಲಿದೆ ಎಂದೇ ನನಗೆ ಗೊತ್ತಿಲ್ಲ, ಅಲ್ಲಿಯವರೆಗೆ ನಡೆಯುವುದು ಹೇಗೆ?

ಐತವಾರ ಸಂಜೆ ಫೋನ್ ಬಂತು. ಅಲ್ಲಿ ಆಗ ಮಧ್ಯಾಹ್ನ. ನಸ್ರೀನ್ ಆಗತಾನೇ ತಲೆ ತೊಳೆದುಕೊಂಡು ಬಂದಿದ್ದಳು. ರಜೆಯ ದಿನ ನನ್ನೊಂದಿಗೆ ಮಾತಾಡುವಾಗ ಅವಳು ಯಾವಾಗಲೂ ಹಾಗೆಯೇ; ಬರಿದಲೆ, ಹೆಗಲ ಮೇಲೆ ಟವೆಲ್ಲು, ಕೂದಲು ಒರೆಸಿಕೊಳ್ಳುತ್ತಲೇ ಊರ ಸುದ್ದಿಯೆಲ್ಲ ಕೇಳುವವಳು. ಅವತ್ತು ಏನೂ ಕೇಳಲಿಲ್ಲ. ಒರೆಸುವುದನ್ನೂ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಹೇಳು ಅಮ್ಮಿ."

ಏನಾದರೊಂದು ಹೇಳು ಎಂದಿದ್ದಳು ಆಪಾ. ನಾನು ಬಾಯಿ ತೆರೆದೆ. ಎರಡರಲ್ಲಿ ಯಾವುದು ಹೊರಗೆ ಬರುತ್ತದೋ ಬರಲಿ ಎಂದು ದೇವರ ಮೇಲೆ ಭಾರ ಹಾಕಿದೆ.

"ನಿನಗ ತಿಳಿದಂಗ ಮಾಡವಾ," ಅಂದೆ.

ಅಬ್ಬಾನ ದನಿಯೇ ಬಂತು. ಅವರು ಅವತ್ತು ಜಾಣತನದಿಂದ ಸುಮ್ಮನಿದ್ದು ಆಪಾನನ್ನು ತಡೆದರು ಎಂದು ನಾನು ಇಷ್ಟು ವರ್ಷ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆ. ಅದು ಜಾಣತನವಲ್ಲ. ಅವರಿಗೂ ಗೊತ್ತಿರಲಿಲ್ಲ, ಅಷ್ಟೇ. ನಸ್ರೀನ್ ಟವೆಲ್ಲು ಎತ್ತಿಕೊಂಡು ಮತ್ತೆ ಕೂದಲು ಒರೆಸತೊಡಗಿದಳು.

"ಆತು ಅಮ್ಮಿ," ಅಂದಳು. "ಉಂಡಿ ಇಲ್ಲ?"

ಮಂಗಳವಾರ ನಾನೇ ತಡೆಯಲಾರದೆ ಫೋನ್ ಮಾಡಿ, ಏನು ಮಾಡಿದೆ ಎಂದು ಕೇಳಿದೆ. ನೌಕರಿ ಖಾಯಂ ಆಯಿತು, ಸೋಮವಾರದಿಂದಲೇ ಬರಿದಲೆಯಲ್ಲಿ ಹೋಗುತ್ತಿದ್ದೇನೆ, ಮಕ್ಕಳು ಮೊದಲ ದಿನ ಗುರುತು ಹಿಡಿಯಲಿಲ್ಲ ಎಂದಳು. ಅಳಲಿಲ್ಲ, ಬೈಯಲಿಲ್ಲ. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನಾನು ದೊಡ್ಡ ದನಿಯಲ್ಲಿ ಹೇಳಿದೆ.

ಅದಾಗಿ ಮೂರು ತಿಂಗಳು. ಐತವಾರ ತಪ್ಪದೆ ಮಾತಾಡುತ್ತಾಳೆ, ಊರ ಸುದ್ದಿ ಕೇಳುತ್ತಾಳೆ, ಆಪಾನ ಮೊಣಕಾಲು ನೋವು ವಿಚಾರಿಸುತ್ತಾಳೆ. ಆದರೆ ಬರೀ ದನಿ. ಮುಖ ಕಾಣುವ ಫೋನು ಮಾಡುವುದಿಲ್ಲ. ಮುಖ ತೋರಿಸವಾ ಎಂದು ಒಮ್ಮೆ ಕೇಳಿದೆ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಮ್ಮಿ ಎಂದಳು. ಇಷ್ಟು ವರ್ಷ ಒದ್ದೆ ಕೂದಲು ಬಿಟ್ಟುಕೊಂಡು ನನ್ನ ಮುಂದೆ ಕೂರುತ್ತಿದ್ದ ಹುಡುಗಿ, ಹೊರಗೆಲ್ಲ ಬರಿದಲೆಯಲ್ಲಿ ಓಡಾಡಲು ಶುರುಮಾಡಿದ ಮೇಲೆ, ತಾಯಿಗೆ ತಲೆ ತೋರಿಸುವುದನ್ನು ಬಿಟ್ಟಿದ್ದಾಳೆ. ನಾನು ಮತ್ತೆ ಕೇಳಿಲ್ಲ.